ಉಗುಳು ಕೊಟ್ಟು ಊರು ಹುಡುಕಿದ್ದು

ಡಿಎನ್‌ಎ ಟೆಸ್ಟ್ ಮಾಡಿಸಿದ್ದೀನಿ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಹಾಗಾದ್ರೆ ನಾವು ಎಲ್ಲಿಂದ ಬಂದವರು?" ಕಂಪನಿಯವರೂ ಇದೇ ಆಸೆ ತೋರಿಸಿ ಕಿಟ್ ಮಾರುತ್ತಾರೆ. ರಿಪೋರ್ಟಿನ ಮೊದಲ ಪುಟದಲ್ಲಿ ಬಣ್ಣಬಣ್ಣದ ಚಕ್ರ ಇರುತ್ತೆ, ಇಷ್ಟು ಪರ್ಸೆಂಟ್ ಅಲ್ಲಿಯವರು, ಇಷ್ಟು ಪರ್ಸೆಂಟ್ ಇಲ್ಲಿಯವರು ಅಂತ. ಇಡೀ ರಿಪೋರ್ಟಿನಲ್ಲಿ ಅತಿ ಪೊಳ್ಳು ಭಾಗ ಅದೇ ಅಂತ ನನಗೆ ಅನಿಸಿದೆ. ಯಾಕೆ ಅಂತ ಹೇಳುತ್ತೇನೆ. ಮೊದಲು ಉಗುಳಿದ ಕಥೆ.

ಕಿಟ್ ಮನೆಗೆ ಬಂದಾಗ ಅಮ್ಮ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಳಗಿದ್ದದ್ದು ಒಂದು ಪ್ಲಾಸ್ಟಿಕ್ ಕೊಳವೆ, ಒಂದು ಆಲಿಕೆ, ಒಂದು ಮುಚ್ಚಳ.

"ಎಂಜಲು ತುಂಬಿ ಪೋಸ್ಟ್ ಮಾಡೋದಾ? ಅದಕ್ಕೆ ದುಡ್ಡು ಬೇರೆ ನೀನೇ ಕೊಡ್ಬೇಕಾ?"

"ಹೂಂ ಕಣಮ್ಮ."

"ನಮ್ಮೂರಿನ ಶಾನುಭೋಗರನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ರು ನಮ್ಮ ಮೂಲ ಯಾವುದು ಅಂತ."

ಉಗುಳುವುದು ಸುಲಭ ಅಂದುಕೊಳ್ಳಬೇಡಿ. ಅದಕ್ಕೆ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು, ಎಲೆ ಅಡಿಕೆ ಹಾಕಬಾರದು. ಕೊಳವೆಯ ಮೇಲೆ ಒಂದು ಗೆರೆ ಇರುತ್ತೆ, ಅಲ್ಲಿತನಕ ತುಂಬಬೇಕು. ನೊರೆ ಲೆಕ್ಕಕ್ಕಿಲ್ಲ. ಎರಡು ಸಲ ಉಗುಳುವಷ್ಟರಲ್ಲಿ ಬಾಯಿ ಒಣಗಿತು. ಅಕ್ಕನ ಮಗಳು ಮೈಸೂರಿನಲ್ಲಿ ಬಯೋಟೆಕ್ನಾಲಜಿ ಓದುತ್ತಾಳೆ, ಅವಳಿಗೆ ಫೋನ್ ಮಾಡಿದೆ. "ಮಾಮ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ನೆನಪಿಸ್ಕೊಳ್ಳಿ" ಅಂದಳು. ಕೆಲಸ ಆಯಿತು. ಮುಚ್ಚಳ ಒತ್ತಿದಾಗ ಅದರೊಳಗಿದ್ದ ದ್ರವ ಕೊಳವೆಗೆ ಇಳಿಯಿತು. ಅಂಚೆಯಲ್ಲಿ ಎಷ್ಟು ದಿನ ಓಡಾಡಿದರೂ ಡಿಎನ್‌ಎ ಕೆಡದಂತೆ ಕಾಯುವುದು ಅದೇ. ಉಗುಳಿನಲ್ಲಿ ಕೆನ್ನೆಯ ಒಳಚರ್ಮದ ಕೋಶಗಳು, ಬಿಳಿ ರಕ್ತಕಣಗಳು ಇರುತ್ತವೆ. ಲ್ಯಾಬಿನವರಿಗೆ ಬೇಕಾದ್ದು ಅವು.

ಆಮೇಲೆ ಒಪ್ಪಿಗೆ ಪತ್ರ. ಇಲ್ಲಿ ಸ್ವಲ್ಪ ನಿಧಾನಿಸಿ. ಉಳಿದ ಉಗುಳನ್ನು ಇಟ್ಟುಕೊಳ್ಳಬಹುದಾ, ಸಂಶೋಧನೆಗೆ ಬಳಸಬಹುದಾ, ನಂಟರ ಹುಡುಕಾಟದಲ್ಲಿ ನಿಮ್ಮ ಹೆಸರು ತೋರಿಸಬಹುದಾ ಅಂತ ಬೇರೆ ಬೇರೆ ಕೇಳುತ್ತಾರೆ. ಒಟ್ಟಿಗೆ ಟಿಕ್ ಹಾಕಿಬಿಡುವುದು ಎಲ್ಲರ ಅಭ್ಯಾಸ. ಈ ಧಂದೆಯಲ್ಲಿ ದೊಡ್ಡ ಹೆಸರಾಗಿದ್ದ ಅಮೆರಿಕದ ಟ್ವೆಂಟಿಥ್ರೀ ಅಂಡ್ ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಪಾಲಾಯಿತು. 2025ರ ಮಾರ್ಚ್‌ನಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು, ಡಿಎನ್‌ಎಯನ್ನು ಹೇಗೆ ಬದಲಾಯಿಸುತ್ತೀರಿ? ಅದೂ ಅಲ್ಲದೆ ನನ್ನ ಡಿಎನ್‌ಎಯಲ್ಲಿ ಅರ್ಧ ಅಕ್ಕನದ್ದೂ ಹೌದು. ಹಾಗಾಗಿ ಅವಳನ್ನೂ ಕೇಳಿಯೇ ಕಳಿಸಿದೆ.

ರಿಸಲ್ಟ್ ಬಂದ ದಿನ ಚಕ್ರದ ತುಂಬ ಒಂದೇ ಬಣ್ಣ, ದಕ್ಷಿಣ ಭಾರತ. ಅಂಚಿನಲ್ಲಿ ಮಧ್ಯ ಏಷ್ಯಾದ ಒಂದು ಚೂರು, ಪೂರ್ವ ಆಫ್ರಿಕಾದ ಇನ್ನೂ ಸಣ್ಣ ಚೂರು. ಸ್ಕ್ರೀನ್‌ಶಾಟ್ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ದೊಡ್ಡಪ್ಪನ ಮಗ "ಮಧ್ಯ ಏಷ್ಯಾ ಅಂದ್ರೆ ಕುದುರೆ ಏರಿ ಬಂದವರು ನಾವು" ಅಂತ ಬರೆದ. ಆಫ್ರಿಕಾದ ಚೂರಿನ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಮ್ಮ ಜನರಿಗೆ ಯಾವ ದಿಕ್ಕಿನ ನೆಂಟರು ಇಷ್ಟ ಅನ್ನುವುದು ಗೊತ್ತಿರುವುದೇ ಅಲ್ವಾ? ಕೆಲವು ತಿಂಗಳಾದ ಮೇಲೆ ಕಂಪನಿ ಲೆಕ್ಕ ಅಪ್‌ಡೇಟ್ ಮಾಡಿತು. ಆಫ್ರಿಕಾ ಮಾಯ. ಮಧ್ಯ ಏಷ್ಯಾನೂ ಅರ್ಧಕ್ಕರ್ಧ ಕರಗಿತ್ತು. ನನ್ನ ಡಿಎನ್‌ಎ ಏನೂ ಬದಲಾಗಿರಲಿಲ್ಲ. ಬದಲಾದದ್ದು ಅವರು ಹೋಲಿಸಿ ನೋಡುವ ಜನರ ಪಟ್ಟಿ.

ಮದುವೆ ಮನೆಯಲ್ಲಿ ಯಾರೋ ಅಜ್ಜಿ ನಿಮ್ಮ ಮುಖ ನೋಡಿ "ನೀನು ಮಧುಗಿರಿಯವರ ಕಡೆಯವನಲ್ವೇನೋ?" ಅಂತಾರಲ್ಲ, ಲೆಕ್ಕ ಹಾಗೆಯೇ. ಅಜ್ಜಿಯ ಬಾಯಲ್ಲಿ ಬರುವುದು ಅಜ್ಜಿಗೆ ಗೊತ್ತಿರುವ ಮನೆತನಗಳ ಹೆಸರು ಮಾತ್ರ. ಕಂಪನಿ ಹೋಲಿಸುವುದೂ ಇವತ್ತು ಬದುಕಿರುವ, ಅವರ ಪಟ್ಟಿಯಲ್ಲಿರುವ ಜನರ ಜೊತೆ. ಸಾವಿರಾರು ವರ್ಷದ ಹಿಂದೆ ಯಾರು ಎಲ್ಲಿದ್ದರು ಅನ್ನುವುದು ಆ ಚಕ್ರದಿಂದ ತಿಳಿಯುವುದಿಲ್ಲ.

ನಿಜವಾದ ಸ್ವಾರಸ್ಯ ಇರುವುದು ಕಚ್ಚಾ ಫೈಲಿನಲ್ಲಿ. ಸೆಟ್ಟಿಂಗ್ಸ್ ಒಳಗೆ ಎಲ್ಲೋ ಮೂಲೆಯಲ್ಲಿ ಡೌನ್‌ಲೋಡ್ ಅಂತ ಇರುತ್ತೆ. ನಮ್ಮ ಜೀನೋಮಿನಲ್ಲಿ, ಅಂದರೆ ಇಡೀ ಡಿಎನ್‌ಎಯಲ್ಲಿ, ಎ, ಸಿ, ಜಿ, ಟಿ ಅನ್ನುವ ನಾಲ್ಕೇ ಬಗೆಯ ಸುಮಾರು 300 ಕೋಟಿ ಅಕ್ಷರಗಳಿವೆ. ಈ ಟೆಸ್ಟ್ ಅಷ್ಟನ್ನೂ ಓದುವುದಿಲ್ಲ. ಜನರಿಂದ ಜನರಿಗೆ ವ್ಯತ್ಯಾಸವಾಗುವ ಆರೇಳು ಲಕ್ಷ ಜಾಗಗಳನ್ನು ಮಾತ್ರ ನೋಡುತ್ತದೆ. ಫೈಲ್ ತೆರೆದರೆ ಸಾಲು ಸಾಲಾಗಿ ಒಂದು ನಂಬರು, ಅದರ ಪಕ್ಕ ಅಪ್ಪನಿಂದ ಒಂದು ಅಮ್ಮನಿಂದ ಒಂದು ಅಂತ ಎರಡು ಅಕ್ಷರ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಅಕ್ಕನ ಮಗಳು ವಿಡಿಯೋ ಕಾಲಿನಲ್ಲಿ ಕೂತು ಹುಡುಕಿಸಿದಳು.

ಮೊದಲು ನೋಡಿದ್ದು ಆರ್‌ಎಸ್4988235 ಅನ್ನುವ ನಂಬರಿನ ಸಾಲು. ದೊಡ್ಡವರಾದ ಮೇಲೂ ಹಾಲಿನ ಸಕ್ಕರೆ ಅರಗುತ್ತದಾ ಇಲ್ಲವಾ ಅನ್ನುವುದಕ್ಕೆ ಸಂಬಂಧಪಟ್ಟ ಜಾಗ ಇದು. ಎ ಒಂದಾದರೂ ಇದ್ದರೆ ಅರಗುತ್ತೆ. ನನ್ನದು ಜಿ, ಜಿ. ಎರಡನೇ ಲೋಟ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವುದು ಚಿಕ್ಕಂದಿನ ಆಟದ ಮಾತಾಗಿತ್ತು ನಮ್ಮ ಮನೆಯಲ್ಲಿ. ಮೊಸರು, ಮಜ್ಜಿಗೆಗೆ ಈ ತಕರಾರು ಕಡಿಮೆ, ಹೆಪ್ಪು ಹಾಕಿದಾಗ ಆ ಸಕ್ಕರೆಯನ್ನು ಒಂದಷ್ಟು ಬ್ಯಾಕ್ಟೀರಿಯಾಗಳೇ ತಿಂದು ಮುಗಿಸಿರುತ್ತವೆ. ಇಲ್ಲಿ ದೂರದ ನಂಟೇನು ಅಂದರೆ, ಭಾರತದಲ್ಲಿ ಹಾಲು ಅರಗಿಸುವವರಲ್ಲಿ ಇರುವ ಬದಲಾವಣೆ ಯುರೋಪಿನವರಲ್ಲಿ ಇರುವುದೇ. ಆಫ್ರಿಕಾದ, ಅರೇಬಿಯಾದ ದನಗಾಹಿಗಳಲ್ಲಿ ಇದೇ ಗುಣಕ್ಕೆ ಬೇರೆ ಬೇರೆ ಅಕ್ಷರಗಳು ಬದಲಾಗಿವೆ. ನಮ್ಮಲ್ಲಿ ಹಾಗಲ್ಲ. ಆ ಒಂದು ಅಕ್ಷರ ಮಾತ್ರ ಅಲ್ಲ, ಅದರ ಅಕ್ಕಪಕ್ಕದ ಅಕ್ಷರಗಳ ಸಾಲೂ ಯುರೋಪಿನದ್ದಕ್ಕೆ ಹೊಂದುತ್ತೆ ಅಂತ 2012ರ ಒಂದು ಅಧ್ಯಯನ ತೋರಿಸಿತು. ಅಂದರೆ ಎರಡು ಕಡೆ ತಾನೇ ತಾನಾಗಿ ಹುಟ್ಟಿದ್ದಲ್ಲ, ಒಂದೇ ಪೂರ್ವಜನಿಂದ ಹಂಚಿಹೋದದ್ದು. ವಾಯವ್ಯದಲ್ಲಿ ಇದು ಜಾಸ್ತಿ, ದಕ್ಷಿಣಕ್ಕೆ ಬರುತ್ತಾ ಕಡಿಮೆ.

ಆಮೇಲೆ ಆರ್‌ಎಸ್1426654. ಮೈಬಣ್ಣದ ಮೇಲೆ ಪ್ರಭಾವ ಇರುವ ಒಂದು ಜೀನಿನೊಳಗಿನ ಜಾಗ. ಇದರ ತಿಳಿಬಣ್ಣದ ರೂಪವೂ (ಎ) ಯುರೋಪಿನವರಿಗೂ ನಮಗೂ ಒಂದೇ ಮೂಲದಿಂದ ಬಂದದ್ದು ಅಂತ 2013ರಲ್ಲಿ ಗೊತ್ತಾಗಿದೆ. ನನಗೆ ಎ ಒಂದು, ಜಿ ಒಂದು ಇತ್ತು. ಹುಡುಗಿ ಕಪ್ಪು, ಹುಡುಗ ಬಿಳುಪು ಅಂತ ಸಂಬಂಧ ಮುರಿದುಕೊಳ್ಳುವವರ ಮುಂದೆ ಈ ಸಾಲನ್ನು ಹಿಡಿಯಬೇಕು ಅನಿಸಿತು.

ಮೂರನೆಯದು ನನಗೆ ತುಂಬ ಹಿಡಿಸಿದ್ದು. ಮೂರನೇ ಕ್ರೋಮೋಸೋಮಿನಲ್ಲಿರುವ ಆರ್‌ಎಸ್10490770. ಇಲ್ಲಿ ಸಿ ಇದ್ದರೆ ಅದರ ಸುತ್ತ ಸುಮಾರು 50 ಸಾವಿರ ಅಕ್ಷರಗಳ ಒಂದು ತುಂಡು, ಈಗ ಅಳಿದುಹೋಗಿರುವ ನಮ್ಮ ದಾಯಾದಿಗಳಾದ ನಿಯಾಂಡರ್ತಾಲ್ ಮಾನವರಿಂದ ಬಂದದ್ದು. ಕ್ರೊಯೇಷಿಯಾದ ವಿಂಡಿಯಾ ಗುಹೆಯಲ್ಲಿ ಸಿಕ್ಕ, ಸುಮಾರು 50 ಸಾವಿರ ವರ್ಷ ಹಳೆಯ ನಿಯಾಂಡರ್ತಾಲ್ ಮೂಳೆಯ ಡಿಎನ್‌ಎಗೆ ಅದು ಹೊಂದುತ್ತದೆ. ವಿಜ್ಞಾನಿಗಳಾದ ಹ್ಯೂಗೊ ಜೆಬರ್ಗ್ ಮತ್ತು ಸ್ವಾಂಟೆ ಪಾಬೊ 2020ರಲ್ಲಿ ಇದನ್ನು ಕಂಡುಹಿಡಿದರು. ಆ ತುಂಡು ಇದ್ದವರಿಗೆ ಕೋವಿಡ್ ಬಂದರೆ ತೀವ್ರವಾಗುವ ಸಂಭವ ಹೆಚ್ಚು ಅನ್ನುವುದರಿಂದ ಅದು ಸುದ್ದಿಯಾಗಿತ್ತು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಇದೆ. ಯುರೋಪಿನಲ್ಲಿ ನೂರಕ್ಕೆ 16 ಜನರಲ್ಲಿ. ಚೀನಾ, ಜಪಾನ್ ಕಡೆ ಹುಡುಕಿದರೂ ಸಿಗುವುದು ಕಷ್ಟ. ನನ್ನ ಸಾಲಿನಲ್ಲಿ ಟಿ, ಸಿ ಅಂತಿತ್ತು. ಒಂದು ಪ್ರತಿ ಇದೆ. ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಬೇಕು. ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿದರು.

ಹೀಗೆ ನೋಡ್ತಾ ಹೋದಾಗ ಒಂದು ಸಂಗತಿ ಹೊಳೆಯಿತು. ಒಂದೊಂದು ಸಾಲಿಗೂ ಒಂದೊಂದು ದಾರಿ. ಒಂದು ಕ್ರೊಯೇಷಿಯಾದ ಕಡೆ ಬೆರಳು ತೋರಿಸುತ್ತೆ, ಇನ್ನೊಂದು ಇನ್ನೆಲ್ಲೋ. ಎಲ್ಲ ಸೇರಿಸಿ "ನಾವು ಎಲ್ಲಿಂದ ಬಂದವರು" ಅನ್ನುವುದಕ್ಕೆ ಒಂದೇ ಉತ್ತರ ಬರೆಯಲು ಆಗುವುದಿಲ್ಲ.

ತಾಯಿಯ ಸಾಲು, ತಂದೆಯ ಸಾಲು ಅಂತ ಎರಡು ಪುಟ ಬೇರೆ ಇರುತ್ತವೆ. ಮೈಟೊಕಾಂಡ್ರಿಯಾ ಅಂದರೆ ಕೋಶದೊಳಗಿನ ಪುಟ್ಟ ಅಂಗ, ಅದರ ಡಿಎನ್‌ಎ ಮಕ್ಕಳಿಗೆ ಬರುವುದು ತಾಯಿಯಿಂದ ಮಾತ್ರ. ಅದರ ಗುರುತು ನನ್ನದು ಎಂ2. ಭಾರತದಲ್ಲೇ ಹತ್ತಾರು ಸಾವಿರ ವರ್ಷಗಳಿಂದ ಇರುವ ಕವಲು, ದಕ್ಷಿಣದಲ್ಲಿ ಜಾಸ್ತಿ. ಇದರ ತಾಯಿಬೇರು ಎಂ ಗುಂಪು. ಭಾರತದಿಂದ ಪೂರ್ವಕ್ಕೆ ಚೀನಾ, ಆಸ್ಟ್ರೇಲಿಯಾತನಕ ಅದು ಹರಡಿದೆ. ಯುರೋಪಿನ ಮೂಲನಿವಾಸಿಗಳಲ್ಲಿ ಇವತ್ತು ಇಲ್ಲವೇ ಇಲ್ಲ ಅನ್ನಬಹುದು. ಆದರೆ 2016ರಲ್ಲಿ ಬೆಲ್ಜಿಯಂ ಮತ್ತು ಫ್ರಾನ್ಸಿನ ಹಿಮಯುಗದ ಮೂಳೆಗಳನ್ನು ಪರೀಕ್ಷಿಸಿದಾಗ ಅಲ್ಲೂ ಎಂ ಸಿಕ್ಕಿತು! ಒಂದು ಕಾಲಕ್ಕೆ ಅಲ್ಲೂ ಇದ್ದರು, ಹಿಮ ಬಲಿತಾಗ ಆ ಸಾಲು ಅಳಿದುಹೋಯಿತು. ಇವತ್ತಿನ ಜನರ ಉಗುಳನ್ನು ಮಾತ್ರ ನೋಡಿದ್ದರೆ ಇದು ಯಾವತ್ತೂ ತಿಳಿಯುತ್ತಿರಲಿಲ್ಲ.

ತಂದೆಯ ಸಾಲು, ಅಂದರೆ ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ವೈ ಕ್ರೋಮೋಸೋಮಿನ ಗುರುತು, ಎಚ್ ಗುಂಪಿನ ಎಂ82. ಭಾರತದಲ್ಲಿ ಮಾಮೂಲಿ. ಇದೇ ಗುರುತು ಯುರೋಪಿನ ರೋಮಾ ಗಂಡಸರಲ್ಲಿ ಎದ್ದು ಕಾಣುತ್ತೆ. ಜಿಪ್ಸಿಗಳು ಅಂತ ಹಿಂದೆ ಕರೆಯುತ್ತಿದ್ದರಲ್ಲ, ಅವರು. ಈಜಿಪ್ಟಿನಿಂದ ಬಂದವರು ಅಂತ ಯುರೋಪಿನವರು ಭಾವಿಸಿದ್ದರು. ಅವರ ಪೂರ್ವಿಕರು ಸುಮಾರು 1500 ವರ್ಷದ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟರು ಅಂತ 2012ರ ಜೀನೋಮ್ ಅಧ್ಯಯನ ಲೆಕ್ಕ ಹಾಕಿತು. ಅದೇ ವರ್ಷ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್ ಇದ್ದ ತಂಡ ಈ ಎಂ82 ಸಾಲನ್ನೇ ಹಿಡಿದು ಹುಡುಕಿ ವಾಯವ್ಯಕ್ಕೇ ಬಂದು ನಿಂತಿತು. ಸ್ನಾಯು ದುರ್ಬಲವಾಗುವ ಒಂದು ಹುಟ್ಟು ಕಾಯಿಲೆ ರೋಮಾಗಳಲ್ಲಿ ಇದೆ. ಅದಕ್ಕೆ ಕಾರಣವಾದ ಒಂದು ಅಕ್ಷರದ ಲೋಪ, ಅದರ ಸುತ್ತಲ ಸಾಲಿನ ಸಮೇತ, ಭಾರತ ಮತ್ತು ಪಾಕಿಸ್ತಾನದ ರೋಗಿಗಳಲ್ಲೂ ಇದೆ. ಊರೂರು ಅಲೆದು, ಎಲ್ಲ ಕಡೆ ಒದೆ ತಿಂದವರ ಜೊತೆ ನನಗೊಂದು ಗಂಡುಸಾಲಿನ ನಂಟು ಇರುವುದು ಕುದುರೆ ಏರಿ ಬಂದ ನಂಟಿಗಿಂತ ನನಗೆ ಹೆಚ್ಚು ಇಷ್ಟವಾಯಿತು. ದೊಡ್ಡಪ್ಪನ ಮಗನಿಗೆ ಹೇಳಿದೆ. ಥಂಬ್ಸ್ ಅಪ್ ಹಾಕಿ ಸುಮ್ಮನಾದ.

ನಂಟರ ಪಟ್ಟಿ ಬಗ್ಗೆ ಒಂದು ಮಾತು. ಭಾರತದವರಿಗೆ ಈ ಪಟ್ಟಿ ದಾರಿ ತಪ್ಪಿಸುತ್ತೆ. ನನ್ನ ಪಟ್ಟಿಯಲ್ಲಿ ಮೂರ್ನಾಲ್ಕು ತಲೆಮಾರು ಹಿಂದೆ ಕವಲೊಡೆದ ನಂಟರು ಅಂತ ಎಷ್ಟೊಂದು ಜನ. ಒಬ್ಬರೂ ನಮಗೆ ಗೊತ್ತಿಲ್ಲ. ಒಂದೇ ಜಾತಿಯೊಳಗೆ ತಲೆತಲಾಂತರದಿಂದ ಮದುವೆ ಆಗುತ್ತಾ ಬಂದರೆ ಹತ್ತು ಕಡೆಯಿಂದ ಚೂರು ಚೂರು ಹಂಚಿಕೆಯಾಗಿ, ದೂರದವರೂ ಹತ್ತಿರದವರ ಹಾಗೆ ಕಾಣುತ್ತಾರೆ. ಮೇಲಾಗಿ ನಮ್ಮಮ್ಮ ಅಪ್ಪನಿಗೆ ಸೋದರಮಾವನ ಮಗಳು. ಫೈಲಿನಲ್ಲಿ ಅದು ನೇರವಾಗಿ ಕಾಣುತ್ತೆ: ಅಪ್ಪನಿಂದ ಬಂದ ಅಕ್ಷರವೂ ಅಮ್ಮನಿಂದ ಬಂದ ಅಕ್ಷರವೂ ಒಂದೇ ಆಗಿರುವ ಉದ್ದುದ್ದ ಪಟ್ಟೆಗಳು. ಹೀಗೆ ಸೋದರಿಕೆಯಲ್ಲಿ ಹುಟ್ಟಿದವರಲ್ಲಿ ಜೀನೋಮಿನ ಸರಾಸರಿ ಹದಿನಾರನೇ ಒಂದು ಪಾಲು ಹೀಗಿರುತ್ತೆ. ಅಮೆರಿಕದ ತಳಿವಿಜ್ಞಾನಿ ಡೇವಿಡ್ ರೈಕ್ ಮತ್ತು ತಂಗರಾಜ್ ಅವರ ತಂಡದ ಇನ್ನೊಂದು ಲೆಕ್ಕ ಇದಕ್ಕಿಂತ ದೊಡ್ಡದು. 4200ರಿಂದ 1900 ವರ್ಷಗಳ ಹಿಂದಿನವರೆಗೆ ಭಾರತದಲ್ಲಿ ಬೇರೆ ಬೇರೆ ಮೂಲದ ಜನ ಧಾರಾಳವಾಗಿ ಬೆರೆತಿದ್ದಾರೆ. ದೂರದ ಗುಡ್ಡಗಾಡಿನ ಬುಡಕಟ್ಟುಗಳನ್ನೂ ಆ ಬೆರಕೆ ಬಿಟ್ಟಿಲ್ಲ. ಆಮೇಲೆ ಬಾಗಿಲು ಹಾಕಿಕೊಂಡಿದ್ದಾರೆ.

ಇಷ್ಟೆಲ್ಲ ಆದಮೇಲೆ ಹಳೇ ಮೂಳೆ ಏನು ಹೇಳುತ್ತೆ ಅಂತ ಓದಲು ಶುರು ಮಾಡಿದೆ. ನಮ್ಮ ಬಿಸಿಲು, ಮಳೆ ಡಿಎನ್‌ಎಗೆ ಶತ್ರು. ಹರಿಯಾಣದ ರಾಖೀಗಢಿಯಲ್ಲಿ ಪುರಾತತ್ವಜ್ಞ ವಸಂತ ಶಿಂಧೆ ಅವರ ತಂಡ 60ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿ, ಕೊನೆಗೆ ಓದುವಷ್ಟು ಡಿಎನ್‌ಎ ಸಿಕ್ಕಿದ್ದು ಒಬ್ಬ ಹೆಂಗಸಿನದ್ದು ಮಾತ್ರ. ತೆಗೆದದ್ದು ಕಿವಿಯ ಒಳಭಾಗದ ಗಟ್ಟಿ ಮೂಳೆಯಿಂದ. 2019ರಲ್ಲಿ ಅದು ಪ್ರಕಟವಾಯಿತು. ಹರಪ್ಪ ನಾಗರಿಕತೆಯ ಆ ಹೆಂಗಸಿನಲ್ಲಿ ಇರಾನಿನ ಕಡೆಯ ಪುರಾತನ ಜನರಿಗೆ ಹತ್ತಿರವಾದ ಒಂದು ಮೂಲ, ಅಂಡಮಾನಿನ ಓಂಗೆ ಬುಡಕಟ್ಟಿನವರಿಗೆ ದೂರದಿಂದ ಸಂಬಂಧಪಟ್ಟ ಇನ್ನೊಂದು ಮೂಲ ಇದ್ದವು. ಮಧ್ಯ ಏಷ್ಯಾದ ಹುಲ್ಲುಗಾವಲಿನ ಜನರ ಅಂಶ ಇರಲಿಲ್ಲ. ಇದೇ ಬಗೆಯ ಡಿಎನ್‌ಎ ತುರ್ಕಮೆನಿಸ್ತಾನದ ಗೋನುರ್ ಮತ್ತು ಇರಾನಿನ ಶಹರ್-ಇ-ಸೋಖ್ತಾದಲ್ಲಿ ಹೂತಿದ್ದ 11 ಜನರಲ್ಲಿ ಸಿಕ್ಕಿತು. ಅಲ್ಲಿಯ ಬೇರೆಯವರಿಗೆ ಅವರು ಹೊಂದುತ್ತಿರಲಿಲ್ಲ. ಸಿಂಧೂ ಕಡೆಯಿಂದ ಅಲ್ಲಿಗೆ ಹೋಗಿ ನೆಲೆಸಿ ಸತ್ತವರು, ಅಥವಾ ಅವರ ಮಕ್ಕಳು.

ಹಾಗಂತ ಡಿಎನ್‌ಎ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಸುಮಾರು 4200 ವರ್ಷದ ಹಿಂದೆ ಭಾರತದವರು ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿಯವರ ಜೊತೆ ಬೆರೆತಿದ್ದರು ಅಂತ 2013ರಲ್ಲಿ ಒಂದು ಪ್ರಬಂಧ ಬಂತು. ಡಿಂಗೊ ನಾಯಿ ಅಲ್ಲಿಗೆ ಬಂದದ್ದೂ ಆಸುಪಾಸಿನ ಕಾಲದಲ್ಲಿ ಅಂತ ಕಥೆ ಚೆನ್ನಾಗಿ ಕೂತಿತ್ತು. 2016ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿ ಗಂಡಸರ ವೈ ಕ್ರೋಮೋಸೋಮನ್ನು ಪೂರ್ತಿ ಓದಿದಾಗ, ಭಾರತದ ಹತ್ತಿರದ ಕವಲಿನಿಂದ ಅವರು ಬೇರೆಯಾಗಿ 50 ಸಾವಿರ ವರ್ಷಕ್ಕೂ ಜಾಸ್ತಿ ಆಗಿತ್ತು. ಕಥೆ ಬಿದ್ದುಹೋಯಿತು. ಆದರೂ ಆ ಹಳೇ ಸುದ್ದಿ ನನ್ನ ವಾಟ್ಸಾಪಿಗೆ ಈಗಲೂ ಬರುತ್ತೆ.

ಮೂಳೆ ಇಲ್ಲದ ಕಡೆ ಏನು ಮಾಡೋದು? ಮಣ್ಣು ನೋಡೋದು. ಬಳ್ಳಾರಿ ಪಕ್ಕದ ಸಂಗನಕಲ್ಲಿಗೆ ಹೋದದ್ದು ಅದಕ್ಕೇ. ಗೆಳೆಯನೊಬ್ಬನ ಊರು ಅಲ್ಲೇ ಹತ್ತಿರ. ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ನೋಡಿಕೊಂಡು ಹಿರೇಗುಡ್ಡ ಹತ್ತಿದೆವು. ಹತ್ತುವ ದಾರಿಯಲ್ಲೇ ಕರಿ ಕಲ್ಲಿನ ಚಕ್ಕೆಗಳು ಕಾಲಿಗೆ ಸಿಗುತ್ತವೆ. ನವಶಿಲಾಯುಗದವರು ಇಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದರು, ಒಂದು ಕಾರ್ಖಾನೆಯಷ್ಟು. ಮೇಲೆ ಕರಿ ಬಂಡೆಗಳ ಸಾಲಿನಲ್ಲಿ ಉದ್ದ ಕೊಂಬಿನ, ಡುಬ್ಬದ ಎತ್ತುಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆಗಳಲ್ಲಿ ಬಟ್ಟಲಿನಷ್ಟು ಸವೆದ ಗುಳಿಗಳಿವೆ. ಗೆಳೆಯ ಒಂದು ಬೆಣಚುಕಲ್ಲನ್ನು ಎತ್ತಿ ಗುಳಿಯೊಳಗೆ ಮೆತ್ತಗೆ ತಟ್ಟಿದ. ಠಣ್ಣನೆ ಲೋಹದ ದನಿ ಬಂತು. ಪಕ್ಕದ ಗುಳಿಯಲ್ಲಿ ಬೇರೆ ಶ್ರುತಿ. ನಾಲ್ಕು ಸಾವಿರ ವರ್ಷದ ಹಿಂದಿನವರು ಬಾರಿಸಿದ ಕಲ್ಲು, ಇನ್ನೂ ದನಿ ಬಿಟ್ಟಿಲ್ಲ. ಪಕ್ಕದಲ್ಲೇ ಜಲ್ಲಿಗಾಗಿ ಬಂಡೆ ಒಡೆದ ಗಾಯಗಳೂ ಇವೆ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ.

ಬರುವಾಗ ಕುಡತಿನಿಯ ಬೂದಿದಿಬ್ಬ. ರಾಕ್ಷಸನನ್ನು ಸುಟ್ಟ ಬೂದಿ ಅಂತ ಊರವರ ಮಾತು. ಹಂಪಿ ಪಕ್ಕದ ನಿಂಬಾಪುರದಲ್ಲಿ ಇಂಥದ್ದೇ ದಿಬ್ಬಕ್ಕೆ ವಾಲಿಯ ಚಿತೆ ಅಂತಾರೆ. ಸುಟ್ಟದ್ದು ಸಗಣಿ. ದನದ ದೊಡ್ಡಿಗಳಲ್ಲಿ ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಹಾಕಿದ್ದರಿಂದ ಎದ್ದ ದಿಬ್ಬಗಳು ಇವು. ಚೂರೊಂದನ್ನು ಕೈಗೆ ತೆಗೆದುಕೊಂಡೆ. ಹಗುರ, ಅಲ್ಲಲ್ಲಿ ಗಾಜಿನಂತೆ ಕರಗಿ ಗಟ್ಟಿಯಾಗಿದೆ. ಅಷ್ಟು ಬಿಸಿ ಹತ್ತಿತ್ತು. ಚೂರನ್ನು ಅಲ್ಲೇ ಇಟ್ಟು ಬಂದೆ.

ಆ ಜನ ಏನು ತಿನ್ನುತ್ತಿದ್ದರು ಅನ್ನುವುದನ್ನು ತಿಳಿಯುವ ರೀತಿ ಬಹಳ ಸರಳ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡುತ್ತಾರೆ. ಮಣ್ಣು ತಳಕ್ಕೆ ಹೋಗುತ್ತೆ, ಸೀದು ಕರಕಲಾದ ಕಾಳು ತೇಲುತ್ತೆ. ಸಣ್ಣ ಜರಡಿಯಲ್ಲಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ಬೇರೆ ಮಾಡುತ್ತಾರೆ. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದ ಪುರಾತತ್ವಜ್ಞರು ಹೀಗೆ ತೆಗೆದ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಎದ್ದು ಕಂಡವು. ಇವೆಲ್ಲ ಇಲ್ಲಿಯವೇ. ನಮ್ಮ ಮಧುಗಿರಿ ಸೀಮೆಯಲ್ಲಿ ತಾತ ಕೊರಲೆ ಬಿತ್ತುತ್ತಿದ್ದರು, ಈಗ ಸಿರಿಧಾನ್ಯ ಅಂತ ಬೆಂಗಳೂರಿನಲ್ಲಿ ಪ್ಯಾಕೆಟ್ ಕಟ್ಟಿ ಮಾರುತ್ತಾರೆ. ಆಮೇಲಿನ ಪದರಗಳಲ್ಲಿ ಗೋಧಿ, ಜವೆ ಅಷ್ಟಿಷ್ಟು ಬರುತ್ತವೆ, ವಾಯವ್ಯದಿಂದ.

ಆದರೆ ನಾನು ಹುಟ್ಟಿದಾಗಿನಿಂದ ತಿಂದ ರಾಗಿ ಇಲ್ಲಿಯದ್ದಲ್ಲ. ಅದರ ಕಾಡುತಳಿ ಇರುವುದು ಇಥಿಯೋಪಿಯಾ, ಉಗಾಂಡದ ಎತ್ತರದ ನಾಡಿನಲ್ಲಿ. ಜೋಳದ ಅತಿ ಹಳೆಯ ಬೇಸಾಯದ ಗುರುತು ಸಿಕ್ಕಿರುವುದು ಪೂರ್ವ ಸುಡಾನಿನ ಕಸಲಾ ಹತ್ತಿರ, ಕ್ರಿ.ಪೂ. 3000ದ ಆಸುಪಾಸಿನದ್ದು. ಸಜ್ಜೆಯ ಹಳೇ ಕುರುಹು ಮಾಲಿ ದೇಶದಲ್ಲಿ, ಸುಮಾರು 4500 ವರ್ಷ ಹಿಂದಿನದು. ಅಲಸಂದೆಯೂ ಆಫ್ರಿಕಾದ್ದೇ. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರಲ್ಲ, ರಾಗಿ ಸಿಕ್ಕ ಹಳೇ ನೆಲೆಗಳಲ್ಲಿ ಅದೂ ಒಂದು. ಅದರ ಕಾಲದ ಬಗ್ಗೆ ತಜ್ಞರಲ್ಲಿ ಜಗಳ ಇದೆ. ಅದೇ ಹಳ್ಳೂರಿನಲ್ಲಿ ಕುದುರೆಯ ಮೂಳೆ ಇದೆ ಅಂತ ಕೆ.ಆರ್. ಆಲೂರ ಗುರುತಿಸಿದರು. ಅದರ ಮೇಲೆ ಇನ್ನೂ ದೊಡ್ಡ ಜಗಳ. ಒಂದು ಪುಟ್ಟ ದಿಬ್ಬದಲ್ಲಿ ನೈಋತ್ಯದ ಕಾಳು, ವಾಯವ್ಯದ ಕುದುರೆ.

ಈಗ ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆಫ್ರಿಕಾದಿಂದ ನಾಲ್ಕಾರು ಬೆಳೆ ಬಂದಿವೆ. ನಮ್ಮ ಮುದ್ದೆ, ರೊಟ್ಟಿ ಎರಡೂ ಅದರ ಕೃಪೆ. ಆದರೆ ಅಷ್ಟು ಹಳೇ ಕಾಲದ ಆಫ್ರಿಕಾದ ಗುರುತು ನಮ್ಮ ಸಾಮಾನ್ಯ ಜನರ ಡಿಎನ್‌ಎಯಲ್ಲಿ ಕಾಣುವುದಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆಯ ಸಿದ್ದಿಗಳಲ್ಲಿ ಇದೆ, ಎದ್ದು ಕಾಣುವಷ್ಟು. ಪೂರ್ವ ಆಫ್ರಿಕಾದ ಬಾಂಟು ಜನರಿಗೆ ಅದು ಹೊಂದುತ್ತೆ ಅಂತ 2011ರಲ್ಲಿ ಸಿಸಿಎಂಬಿಯವರೂ ಇದ್ದ ಅಧ್ಯಯನ ಹೇಳಿತು. ಆದರೆ ಅವರ ಪೂರ್ವಿಕರನ್ನು ಪೋರ್ಚುಗೀಸರು, ಅರಬರು ಗುಲಾಮರಾಗಿ ಹಡಗಿನಲ್ಲಿ ತಂದದ್ದು ಮೊನ್ನೆ ಮೊನ್ನೆ. ಅಷ್ಟರಲ್ಲಿ ರಾಗಿ ಇಲ್ಲಿ ಬೇರು ಬಿಟ್ಟು ಎಷ್ಟು ಶತಮಾನ ಆಗಿತ್ತೋ. ಇತ್ತ ಮಧ್ಯ ಏಷ್ಯಾದ ಹುಲ್ಲುಗಾವಲಿನವರದ್ದು ಉಲ್ಟಾ. ಅವರ ಡಿಎನ್‌ಎ ಕ್ರಿ.ಪೂ. 2000ದ ನಂತರ ಬಂದು ಇವತ್ತು ದೇಶದ ತುಂಬ ಹರಡಿದೆ, ಆದರೆ ಇದು ಅವರದ್ದೇ ಮಡಕೆ, ಇದು ಅವರದ್ದೇ ಗೋರಿ ಅಂತ ಬೆರಳಿಟ್ಟು ತೋರಿಸುವಂಥದ್ದು ನಮ್ಮ ನೆಲದಲ್ಲಿ ಸಿಗುವುದು ಅಪರೂಪ. ಕಾಳು ಬಂದ ಕಡೆ ಜನ ಕಾಣುವುದಿಲ್ಲ, ಜನ ಬಂದ ಕಡೆ ಸಾಮಾನು ಕಾಣುವುದಿಲ್ಲ. ಒಂದನ್ನೇ ನಂಬಿದವರು ಅರ್ಧ ಕಥೆ ಹೇಳುತ್ತಾರೆ. ಟಿವಿ ಚರ್ಚೆಗಳಲ್ಲಿ ಕೂಗಾಡುವ ಎರಡೂ ಕಡೆಯವರು ಮಾಡುವುದು ಇದನ್ನೇ.

ದನದ ವಿಷಯ ಇನ್ನೂ ಮಜವಾಗಿದೆ. ಸಂಗನಕಲ್ಲಿನ ಬಂಡೆ ಮೇಲಿರುವಂಥ ಡುಬ್ಬದ ದನ ಸಿಂಧೂ ಕಣಿವೆಯ ಕಡೆ ಪಳಗಿದ್ದು. 67 ಪ್ರಾಚೀನ ದನಗಳ ಡಿಎನ್‌ಎ ಓದಿದ 2019ರ ಅಧ್ಯಯನದ ಪ್ರಕಾರ ಸುಮಾರು 4200 ವರ್ಷದ ಹಿಂದೆ, ದೊಡ್ಡ ಬರಗಾಲ ಬಿದ್ದ ಸಮಯದಲ್ಲಿ, ಪಶ್ಚಿಮ ಏಷ್ಯಾದ ದನಗಳಲ್ಲಿ ಇದ್ದಕ್ಕಿದ್ದಂತೆ ಈ ತಳಿಯ ಅಂಶ ಏರಿದೆ. ತಾಯಿಸಾಲು ಅಲ್ಲಿಯದ್ದೇ ಉಳಿದಿದೆ. ಅಂದರೆ ಇಲ್ಲಿಂದ ಹೋದದ್ದು ಹೋರಿಗಳು. ಬಿಸಿಲು, ನೀರಿನ ಬರ ತಡೆಯುವ ಹೋರಿಯನ್ನು ಅಲ್ಲಿಯ ರೈತರು ತಮ್ಮ ಹಸುಗಳಿಗೆ ಬೇಕೆಂದೇ ಬಿಡಿಸಿರಬೇಕು. ಆಫ್ರಿಕಾದ ದನಗಳಲ್ಲೂ ಇದೇ ಕಥೆ. ಅತ್ತಣಿಂದ ರಾಗಿ ಇತ್ತ, ಇತ್ತಣಿಂದ ಹೋರಿ ಅತ್ತ. ಲೆಕ್ಕ ಚುಕ್ತಾ ಅನ್ನಬಹುದೇನೋ.

ಊರಿಗೆ ಹೋದಾಗ ಇದನ್ನೆಲ್ಲ ಸೋದರಮಾವನಿಗೆ ಹೇಳಿದೆ. ಅವರ ಗಂಡುಸಾಲು ಅಂದರೆ ಅಮ್ಮನ ತವರಿನ ಸಾಲು. ಅದು ನನ್ನ ಫೈಲಿನಲ್ಲಿ ಇಲ್ಲ. ಅಮ್ಮನಿಗೆ ವೈ ಕ್ರೋಮೋಸೋಮೇ ಇಲ್ಲವಲ್ಲ. ಅದನ್ನು ತಿಳಿಯಬೇಕಾದರೆ ಮಾವನೇ ಉಗುಳಬೇಕು.

ಮಾವ ಎಲೆ ಅಡಿಕೆ ಜಗಿಯುತ್ತಲೇ ಪೂರ್ತಿ ಕೇಳಿಸಿಕೊಂಡರು. "ಮಾಡಿಸಪ್ಪ, ನಂದೇನೂ ಅಡ್ಡಿಯಿಲ್ಲ" ಅಂದರು. ಅರ್ಧ ಗಂಟೆ ಎಲೆ ಅಡಿಕೆ ಬಿಡಬೇಕು ಅಂದಾಗ ಮಾತ್ರ ಸ್ವಲ್ಪ ಯೋಚಿಸಿದರು. ಆಮೇಲೆ ಒಂದು ಷರತ್ತು ಹಾಕಿದರು. ಏನೇ ಬಂದರೂ ಮೊಮ್ಮಗಳ ಮದುವೆ ಮುಗಿಯುವತನಕ ವಾಟ್ಸಾಪ್ ಗುಂಪಿಗೆ ಹಾಕಕೂಡದು. ಕಿಟ್‌ಗೆ ಆರ್ಡರ್ ಮಾಡಿದ್ದೇನೆ.